ಸಾಕ್ಷಿಗೆ ನೆನಪಾಗುವ ಹಾಗೆ ಮಾತಾಡಿಸುವುದು ಹೇಗೆ?

ಹೊಸ ಪಿಎಸ್‌ಐ:
ನಾನು ಪ್ರೊಬೇಷನ್‌ನಲ್ಲಿದ್ದೇನೆ. ಮೊನ್ನೆ ಸರಗಳ್ಳತನದ ಕೇಸಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರ ಹೇಳಿಕೆ ಬರೆದುಕೊಂಡೆ. ಬೈಕು ಅವರ ಕಣ್ಣೆದುರೇ ಹೋಗಿದೆ. ಆದರೂ ಸಿಕ್ಕಿದ್ದು ಮೂರೇ ಸಾಲು. ಕೇಳಿದ್ದಕ್ಕೆಲ್ಲ 'ಹೌದು ಸ್ವಾಮಿ', 'ಗೊತ್ತಿಲ್ಲ ಸ್ವಾಮಿ'. ಕಲಂಗಳೆಲ್ಲ ಬಾಯಿಪಾಠ ಆಗಿವೆ, ಮಾತಾಡಿಸುವುದು ಬರುತ್ತಿಲ್ಲ. ಅನುಭವ ಇರುವವರು ಹೇಳಿ.

ನಿವೃತ್ತ ಇನ್‌ಸ್ಪೆಕ್ಟರ್:
'ಬೈಕು ಕಪ್ಪಾ? ಹೆಲ್ಮೆಟ್ ಇತ್ತಾ?' ಅಂತ ಶುರು ಮಾಡಿದ್ದಿರಿ ಅಲ್ವಾ? ನಾನೂ ವರ್ಷಗಟ್ಟಲೆ ಹಾಗೇ ಕೇಳಿದೆ. ಹಾಗೆ ಕೇಳಿದರೆ ಸಾಕ್ಷಿ ಮುಂದಿನ ಪ್ರಶ್ನೆಗೆ ಕಾಯುತ್ತಾ ಕೂರುತ್ತಾರೆ, ನೆನಪಿಗೆ ಕೈ ಹಾಕುವುದಿಲ್ಲ.

ಅಮೆರಿಕದಲ್ಲಿ ಫಿಶರ್ ಮತ್ತು ಗೈಸಲ್‌ಮನ್ ಎಂಬ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಬೇರೆ ದಾರಿ ಹುಡುಕಿದರು. ಸಾಕ್ಷಿಯನ್ನು ಮನಸ್ಸಿನಲ್ಲೇ ಆ ಜಾಗಕ್ಕೆ ವಾಪಸ್ ಕರೆದೊಯ್ಯಬೇಕು. ಎಲ್ಲಿ ಕೂತಿದ್ದಿರಿ, ಬಿಸಿಲಿತ್ತಾ, ಕೈಯಲ್ಲಿ ಏನಿತ್ತು? ಆಮೇಲೆ 'ಸಣ್ಣದು ಅನ್ನಿಸಿದ್ದನ್ನೂ ಹೇಳಿ' ಅಂದು ಸುಮ್ನೆ ಇರಬೇಕು. ಮಯಾಮಿಯ ಪತ್ತೇದಾರರಿಗೆ ಇದನ್ನು ಕಲಿಸಿದಾಗ, ತರಬೇತಿಗೆ ಮುಂಚಿಗಿಂತ 47% ಜಾಸ್ತಿ ಮಾಹಿತಿ ಸಿಕ್ಕಿತು. ಅದು ಪಾಠದ ಕೋಣೆಯಲ್ಲಿ ಅಲ್ಲ, ನಿಜವಾದ ಕೇಸುಗಳಲ್ಲಿ.

ಕಷ್ಟ ಇರುವುದು ಸುಮ್ಮನಿರುವುದರಲ್ಲೇ. ಒಮ್ಮೆ ಅಪಘಾತ ಮಾಡಿ ಓಡಿಹೋದ ಲಾರಿಯ ಕೇಸು. ಟೀ ಅಂಗಡಿ ಹುಡುಗ 'ನಂಬರ್ ನೋಡಿಲ್ಲ' ಅಂದ. ಪೆನ್ನು ಕೆಳಗಿಟ್ಟು ಕಾದೆ. ಸ್ವಲ್ಪ ಹೊತ್ತಿಗೆ ಅವನೇ, 'ಹಿಂದುಗಡೆ ಒಂದೇ ದೀಪ ಉರೀತಿತ್ತು, ಟಾರ್ಪಾಲು ನೀಲಿ' ಅಂದ. ಮುಂದಿನ ಚೆಕ್‌ಪೋಸ್ಟ್‌ನಲ್ಲಿ ಅಷ್ಟರಿಂದಲೇ ಲಾರಿ ಸಿಕ್ಕಿತು. ಹೊಸಬರಿಗೆ ತರಬೇತಿಯಲ್ಲಿ ಒಬ್ಬರನ್ನೊಬ್ಬರು ಮಾತಾಡಿಸಿ, ರೆಕಾರ್ಡ್ ಮಾಡಿ ಕೇಳಿಸಬೇಕು. ಎಷ್ಟು ಸಲ ಅಡ್ಡ ಬಾಯಿ ಹಾಕುತ್ತೇವೆ ಅಂತ ಆಗಲೇ ತಿಳಿಯುವುದು.

ವಕೀಲೆ:
ಒಂದು ಮಾತು ಸೇರಿಸುತ್ತೇನೆ. ಪ್ರಶ್ನೆಯ ಪದವೇ ನೆನಪನ್ನು ಕೆಡಿಸುತ್ತದೆ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನಃಶಾಸ್ತ್ರಜ್ಞರು ಕಾರು ಅಪಘಾತದ ಒಂದೇ ಫಿಲಂ ತುಣುಕನ್ನು ಎಲ್ಲರಿಗೂ ತೋರಿಸಿದರು. ಕೆಲವರಿಗೆ 'ಕಾರುಗಳು ಅಪ್ಪಳಿಸಿದಾಗ' ಎಷ್ಟು ವೇಗ ಇತ್ತು ಅಂತ ಕೇಳಿದರು, ಕೆಲವರಿಗೆ 'ಗುದ್ದಿದಾಗ' ಅಂತ. ವಾರ ಬಿಟ್ಟು ಒಡೆದ ಗಾಜು ನೋಡಿದಿರಾ ಅಂದರೆ, ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೌದು ಅಂದರು. ಎರಡನೆಯದರಲ್ಲಿ 7. ಆ ತುಣುಕಿನಲ್ಲಿ ಒಡೆದ ಗಾಜೇ ಇರಲಿಲ್ಲ! ನೀವು ಸಾಕ್ಷಿಯ ಬಾಯಿಗೆ ಹಾಕಿದ ಪದ ಕೋರ್ಟಿನಲ್ಲಿ ಎದುರು ವಕೀಲರ ಪಾಟೀ ಸವಾಲಿನಲ್ಲಿ ನಿಲ್ಲುವುದಿಲ್ಲ. ಅಜ್ಜಿಯ ಮಾತನ್ನು ಅಜ್ಜಿಯ ಮಾತಿನಲ್ಲೇ ಬರೆಯಿರಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 179ನೇ ಕಲಂ ಪ್ರಕಾರ ಹೆಂಗಸರಿಗೆ ಠಾಣೆಗೆ ಬರಲೇಬೇಕು ಅನ್ನುವ ಹಾಗಿಲ್ಲ. ಅವರ ಮನೆಗೇ ಹೋಗಿ.

ಹೊಸ ಪಿಎಸ್‌ಐ:
ಸಾರ್, ಮೇಡಂ, ಇವತ್ತು ಅಜ್ಜಿ ಮನೆಗೆ ಹೋಗಿದ್ದೆ. ಜಗುಲಿ ಮೇಲೆ ಕೂತೆ. ಆವತ್ತು ಯಾವ ಹೂ ಕಟ್ಟುತ್ತಿದ್ದಿರಿ ಅಂತ ಮಾತ್ರ ಕೇಳಿದೆ. 'ಕನಕಾಂಬರ. ಮೂರನೇ ಮೊಳ ಅಳೀತಿದ್ದೆ, ಬೈಕು ನಿಂತೇ ಇತ್ತು' ಅಂದರು. ನಿಂತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ! ಹಿಂದೆ ಕೂತವನು ಮುಂಚೆ ಅವರ ಹತ್ತಿರವೇ ಬಂದು ಚಿಲ್ಲರೆ ಕೇಳಿದ್ದನಂತೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತಂತೆ. ಪುನರ್ ಹೇಳಿಕೆ ಎರಡು ಪುಟ ಆಯಿತು. ನಾಳೆ ಪಕ್ಕದ ಎಳನೀರಿನವರ ಹತ್ತಿರ ಹೋಗುತ್ತೇನೆ.