ಭಾವನ ಹೊಸ ರೈಫಲ್‌ಗೆ ಯಾವ ತೋಟಾ?

ನಿಟ್ಟುವಳ್ಳಿ ಹುಡುಗ, ದಾವಣಗೆರೆ:
ನಮ್ಮ ಅಕ್ಕ-ಭಾವ ಅಮೆರಿಕದ ಕೊಲರಾಡೋದಲ್ಲಿದ್ದಾರೆ. ಭಾವ ಅಲ್ಲಿ ರೈಫಲ್ ಕಟ್ಟಿಸುತ್ತಿದ್ದಾರೆ. ಹಳೆಯ .30-06 (ಇದು ತೋಟಾದ ಹೆಸರು) ರೈಫಲ್‌ನ ಆ್ಯಕ್ಷನ್, ಅಂದ್ರೆ ತೋಟಾ ತುಂಬಿ ಹಾರಿಸುವ ಯಂತ್ರದ ಭಾಗ, ಒಂದು ಕೈಯಲ್ಲಿದೆ, ಬ್ಯಾರಲ್ಲು, ಭುಜಕ್ಕೆ ಒತ್ತುವ ಮರ ಎಲ್ಲಾ ಹೊಸದು. ಎಲ್ಕ್ ಬೇಟೆಗಂತೆ, ನಮ್ಮ ಕಡವೆ ಥರದ್ದೇ ದೊಡ್ಡ ಪ್ರಾಣಿ, ಅಲ್ಲಿ ಲೈಸೆನ್ಸ್ ತಗೊಂಡು ಹೊಡೆಯಬಹುದು. ಭಾವನಿಗೆ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್ ತೋಟಾದ ಹುಚ್ಚು. ಆಫೀಸಿನವರೆಲ್ಲ 6.5 ಕ್ರೀಡ್‌ಮೂರ್ ಅಂತಾರಂತೆ. ಅದೇ ರೈಫಲ್‌ನಲ್ಲಿ ಅಕ್ಕನೂ ಕಲಿಯುತ್ತಾಳಂತೆ. ನನ್ನನ್ನು ಕೇಳುತ್ತಾರೆ, ನನಗೆ ಏರ್‌ಗನ್ ಬಿಟ್ಟರೆ ಏನೂ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಲೇಥ್ ಮಾಮ, ದಾವಣಗೆರೆ:
ಮೊದಲು ಬೋಲ್ಟ್ ನೋಡಪ್ಪ, ಹಿಂದೆಮುಂದೆ ಎಳೆದು ತೋಟಾ ಒಳಗೆ ತಳ್ಳುವ ಭಾಗ. ತೋಟಾದ ತಳ ಕೂರುವ ಜಾಗ ಇದೆಯಲ್ಲ, ಅದರ ಅಳತೆ .30-06, .308, ಕ್ರೀಡ್‌ಮೂರ್ ಮೂರು ತೋಟಾಕ್ಕೂ ಒಂದೇ, 0.473 ಇಂಚಿನ ತಳ. ಮ್ಯಾಗ್ನಮ್‌ದು 0.532. ಅಂದ್ರೆ ಬೋಲ್ಟಿನ ಮುಖ ಕೊರೆಸಬೇಕು, ಇಲ್ಲ ಬೋಲ್ಟನ್ನೇ ಬದಲಿಸಬೇಕು, ಖಾಲಿ ತೋಟಾ ಹಿಡಿದೆಳೆಯುವ ಕೊಕ್ಕೆಯನ್ನೂ ಅದಕ್ಕೆ ಹೊಂದಿಸಬೇಕು. ದುಡ್ಡಿದ್ದರೆ ಮಾಡಿಸಲಿ. ಕ್ರೀಡ್‌ಮೂರ್‌ಗೆ ಆ ತಾಪತ್ರಯ ಇಲ್ಲ, ಆದರೆ ಅದು ಗಿಡ್ಡ. .30-06 ತೋಟಾ ತುದಿಯವರೆಗೆ 85 ಎಂಎಂ, ಇದು 72ರ ಹತ್ತಿರ. ಉದ್ದ ಆ್ಯಕ್ಷನ್‌ನಲ್ಲಿ ನಡೆಯುತ್ತೆ, ತೋಟಾ ತುಂಬಿಡುವ ಮ್ಯಾಗಜೀನ್ ಒಳಗೆ ಅದು ಹಿಂದೆಮುಂದೆ ಜಾರದ ಹಾಗೆ ಒಂದು ತುಂಡು ಕೂರಿಸಬೇಕು, ಆಮೇಲೆ ಪ್ರತಿ ಸಲ ಬೋಲ್ಟನ್ನು ಸುಮ್ನೆ ಅಷ್ಟುದ್ದ ಎಳೆಯೋದು. ಉದ್ದದ ಆ್ಯಕ್ಷನ್ ಇಟ್ಟುಕೊಂಡು ಅದ್ಯಾಕೆ? ಏನೇ ಆದರೂ ಬ್ಯಾರಲ್‌ನಲ್ಲಿ ತೋಟಾ ಕೂರುವ ಜಾಗ ಕೊರೆಯುವ ರೀಮರ್ ಇಳಿಸುವ ಮೊದಲೇ ತೀರ್ಮಾನ ಆಗಬೇಕು, ಕೊರೆದ ಕಬ್ಬಿಣ ವಾಪಸ್ ಬರಲ್ಲ.

ದುರ್ಗದ ಮಾಜಿ ಸೈನಿಕ, ಚಿತ್ರದುರ್ಗ:
ಮಾಮ ಹೇಳಿದ್ದು ಸರಿ, ಆದರೆ ನಾನು ಒದೆತದಿಂದ, ಅಂದ್ರೆ ಗುಂಡು ಹಾರಿದಾಗ ಭುಜಕ್ಕೆ ಬೀಳುವ ಹೊಡೆತದಿಂದ ಶುರು ಮಾಡುತ್ತೇನೆ. ನಾವು ಕಲಿತಿದ್ದು ಸೈನ್ಯದ 7.62ರ ಎಸ್ಎಲ್ಆರ್ ರೈಫಲ್‌ನಲ್ಲಿ, ಅದರ ತೋಟಾ .308ಕ್ಕೆ ಅಣ್ಣತಮ್ಮ ಇದ್ದ ಹಾಗೆ. ಅದರ ಒದೆತ ಮೆತ್ತಗೆ ಅನ್ನಿಸುವಷ್ಟು ಜೋರಾಗಿ ಒದೆಯುತ್ತೆ 7 ಎಂಎಂ ಮ್ಯಾಗ್ನಮ್. ಹೊಸಬರಿಗೆ ಒದೆತದ ಭಯ ಕೂತರೆ ಬಿಡಿಸೋದು ಕಷ್ಟ. ಗೊತ್ತಾಗಬೇಕಾದರೆ ಅವರಿಗೆ ಹೇಳದೆ ಮಧ್ಯದಲ್ಲೊಂದು ಡಮ್ಮಿ ತೋಟಾ ತುಂಬಿ ಕೊಡಿ. ಟ್ರಿಗರ್ ಬರೀ ಟಕ್ ಅನ್ನುತ್ತೆ, ಆದರೂ ನಳಿಕೆಯ ತುದಿ ಗಕ್ಕನೆ ಕೆಳಗೆ ಬಗ್ಗುತ್ತೆ, ಕಣ್ಣು ಮುಚ್ಚಿರುತ್ತೆ. ಅಲ್ಲಿನ ಕಾನೂನಿಗೂ ಮ್ಯಾಗ್ನಮ್ ಬೇಕಿಲ್ಲ. ಕೊಲರಾಡೋದಲ್ಲಿ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ನಳಿಕೆಯ ಒಳ ಅಗಲ, ಇಂಚಿನಲ್ಲಿ), 85 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು, 100 ಗಜದಲ್ಲಿ 1000 ಫುಟ್-ಪೌಂಡ್ ಶಕ್ತಿ. ಇಲ್ಲಿ ಹೆಸರು ಬಂದಿರೋವೆಲ್ಲ ಅದನ್ನು ಆರಾಮಾಗಿ ದಾಟುತ್ತವೆ.

ಬೆಣ್ಣೆ ದೋಸೆ:
ನಮ್ಮ ಮೆಕ್ಕೆಜೋಳಕ್ಕೆ ನುಗ್ಗೋ ಹಂದಿಗೆ ಯಾವುದು ಒಳ್ಳೇದು ಸಾರ್? 😄

ದುರ್ಗದ ಮಾಜಿ ಸೈನಿಕ:
ಅರಣ್ಯ ಇಲಾಖೆಗೆ ಅರ್ಜಿ. 1972ರ ವನ್ಯಜೀವಿ ಕಾಯ್ದೆ ತಮಾಷೆ ಅಲ್ಲ ಮಾರಾಯ.

ನಿಟ್ಟುವಳ್ಳಿ ಹುಡುಗ:
ಭಾವನಿಗೆ ಎಲ್ಲ ಕಳಿಸಿದೆ. ಮ್ಯಾಗ್ನಮ್ ಬಿಡೋಕೆ ಮನಸ್ಸಿಲ್ಲ, ಅಕ್ಕ ಬೈದಳು. ಈಗ .270 ವಿಂಚೆಸ್ಟರ್ ಹೇಗೆ ಅಂತ ಕೇಳುತ್ತಿದ್ದಾರೆ.

ಲೇಥ್ ಮಾಮ:
ಅದನ್ನೇ ನಾನು ಹೇಳೋನಿದ್ದೆ. .30-06ರ ಕತ್ತು ಸಣ್ಣ ಮಾಡಿ 1925ರಲ್ಲಿ ತಂದ ತೋಟಾ ಅದು. ಅದೇ ಬೋಲ್ಟ್, ಅದೇ ಮ್ಯಾಗಜೀನ್, ಏನೂ ಕೊರೆಸಬೇಕಾಗಿಲ್ಲ. 130 ಗ್ರೇನ್ ಗುಂಡಿನಲ್ಲಿ ಒದೆತವೂ .30-06ಗಿಂತ ಕಮ್ಮಿ. ಬ್ಯಾರಲ್ ಒಳಗಿನ ತಿರುಚು ಗೆರೆ 10 ಇಂಚಿಗೆ ಒಂದು ಸುತ್ತಿನದು ಸಾಕು. ಅದಿರಲಿ, ಹಿಂದಿನ ಮರದ ಉದ್ದ ಭಾವನ ತೋಳಿಗೋ ಅಕ್ಕನ ತೋಳಿಗೋ? ಅದನ್ನು ಮೊದಲು ಕೇಳು.