ಸೈನಿಕರಿಗಾಗಿ ಕಡೆದ ಮರದ ಪೆನ್ನುಗಳು ಸೀಳುತ್ತಿವೆ, ತಪ್ಪು ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯಿಂದ ದೂರವಿದ್ದು ಕರ್ತವ್ಯ ನಿರ್ವಹಿಸುತ್ತಿರುವ ಸೈನಿಕರಿಗೆ ಉಡುಗೊರೆಯಾಗಿ ಕಳುಹಿಸಲೆಂದು ನಾವು ನಾಲ್ವರು ಗೆಳೆಯರು ಬಿಡುವಿನ ವೇಳೆಯಲ್ಲಿ ಲೇತ್‌ನ ಮೇಲೆ ಮರದ ಪೆನ್ನುಗಳನ್ನು ಕಡೆಯುತ್ತಿದ್ದೇವೆ. ಮರದೊಳಗೆ ಅಂಟಿಸುವ 7 ಮಿ.ಮೀ. ಹಿತ್ತಾಳೆ ಕೊಳವೆಯ, ತಿರುವಿದರೆ ಮೊನೆ ಹೊರಬರುವ ಸಾಮಾನ್ಯ ಕಿಟ್ (ಪೆನ್ನಿನ ಬಿಡಿಭಾಗಗಳ ಕಟ್ಟು) ನಮ್ಮದು. ಮೊದಲು ಮಾಡಿದ ಹನ್ನೆರಡರಲ್ಲಿ ಮೂರು ಪೆನ್ನುಗಳು ಮೂರು ವಾರ ಕಳೆಯುವಷ್ಟರಲ್ಲಿ ಉದ್ದಕ್ಕೆ ಕೂದಲೆಳೆಯಷ್ಟು ಸೀಳಿವೆ. ಅರಗಿನ ಮೆರುಗು ಕೊಟ್ಟ ಇನ್ನೊಂದನ್ನು ನಾನೇ ದಿನವೂ ಬಳಸಿ ನೋಡಿದೆ. ಬೆರಳು ಹಿಡಿಯುವ ಜಾಗದಲ್ಲಿ ಅದು ಆಗಲೇ ಮಂಕಾಗಿದೆ. ಕಳುಹಿಸಿದ ಮೇಲೆ ಸೀಳಿದರೆ ಬದಲಿಸಿ ಕೊಡುವ ದಾರಿ ನಮಗಿಲ್ಲ. ಆದ್ದರಿಂದ ಉಳಿದವನ್ನು ಕಡೆಯುವ ಮೊದಲು ಅನುಭವಿಗಳನ್ನು ಕೇಳುತ್ತಿದ್ದೇನೆ.

ಉತ್ತರ 1

ಮೊದಲು ಸಂಶಯಪಡಬೇಕಾದದ್ದು ಮರದ ಹಸಿಯನ್ನು. ಮರ ಒಣಗುವಾಗ ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ; ಒಳಗಿರುವ ಹಿತ್ತಾಳೆಯಾದರೋ ಜಗ್ಗುವುದಿಲ್ಲ. ಹೀಗಾಗಿ ತುದಿಗಳಲ್ಲಿ ಒಂದು ಮಿ.ಮೀ.ಗಿಂತ ತೆಳ್ಳಗಿರುವ ಮರ, ಕೊಳವೆಯನ್ನು ಬಿಗಿಯುತ್ತಾ ಬಂದು ಕೊನೆಗೆ ತಾನೇ ಬಿರಿಯುತ್ತದೆ. ನಾನು ಪ್ರತಿ ತುಂಡಿನ ಮೇಲೆ ಅದರ ತೂಕವನ್ನೂ ತಾರೀಖನ್ನೂ ಪೆನ್ಸಿಲಿನಿಂದ ಬರೆದು, ವಾರಕ್ಕೊಮ್ಮೆ ತೂಗಿ, ಎರಡು ಮೂರು ವಾರ ತೂಕ ಇಳಿಯದೆ ನಿಂತ ಮೇಲೆಯೇ ಬೈರಿಗೆ ಹಾಕುತ್ತೇನೆ. ತೂತು ಕೊರೆದ ಮೇಲೂ ಕೂಡಲೇ ಕೊಳವೆಯನ್ನು ಅಂಟಿಸದೆ ಕೆಲವು ದಿನ ಹಾಗೆಯೇ ಬಿಡುವುದು ಒಳ್ಳೆಯದು. ಒಳಗೆ ಹಸಿ ಉಳಿದಿದ್ದರೆ ತೂತು ಕಿರಿದಾಗಿ ಕೊಳವೆ ಬಿಗಿಯಾಗುತ್ತದೆ, ಆಗ ಅದೇ ಬೈರಿಗೆಯನ್ನು ಮತ್ತೊಮ್ಮೆ ಆಡಿಸಿದರಾಯಿತು.

ಕೊರೆಯುವಾಗಿನ ಬಿಸಿಯೂ ಅಷ್ಟೇ ಕೆಟ್ಟದ್ದು. ಸೆಂಟಿಮೀಟರಿಗೊಮ್ಮೆ ಬೈರಿಗೆಯನ್ನು ಹೊರಗೆಳೆದು ಹೊಟ್ಟು ಕೊಡವಿ. ಸುಟ್ಟ ವಾಸನೆ ಬಂದರೆ, ಕಣ್ಣಿಗೆ ಕಾಣದ ಸೀಳು ಒಳಗೆ ಆಗಲೇ ಹುಟ್ಟಿರಬಹುದು.

ಉತ್ತರ 2

ಮೇಲಿನವರ ಮಾತು ಸರಿ. ಆದರೆ ಸೀಳು ಎಲ್ಲಿಂದ ಶುರುವಾಗಿದೆ ಎಂಬುದನ್ನು ದಯವಿಟ್ಟು ನೋಡಿ ತಿಳಿಸಿ. ತುದಿಯಿಂದ ಹೊರಟಿದ್ದರೆ ಜೋಡಣೆಯ ಮೇಲೆ ನನಗೆ ಅನುಮಾನ. ಕೊಳವೆ ಅಂಟಿಸುವಾಗ ಅದರ ಬಾಯಿಯೊಳಗೆ ಒಂದು ಹನಿ ಅಂಟು ಸೇರಿ ಗಟ್ಟಿಯಾದರೂ ಸಾಕು, ಬಿಡಿಭಾಗವನ್ನು ಒತ್ತಿ ಕೂರಿಸುವಾಗ ಅದು ಬೆಣೆಯಂತೆ ಕೆಲಸ ಮಾಡಿ ಮರವನ್ನು ಸೀಳುತ್ತದೆ. ಅಂಟಿಸುವ ಮೊದಲು ಕೊಳವೆಯ ತುದಿಯನ್ನು ಮೇಣಕ್ಕೆ ಒತ್ತಿ ಮುಚ್ಚಿ, ಜೋಡಿಸುವ ಮೊದಲು ಆ ಮೇಣವನ್ನು ತೆಗೆದು ಸಣ್ಣ ದುಂಡು ಅರದಿಂದ ಒಳಬಾಯಿಯನ್ನು ಉಜ್ಜಿ. ನಾನು ಸೂಪರ್ ಗ್ಲೂ ಬಿಟ್ಟು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿಗೆ ಬಂದಿದ್ದೇನೆ, ಏಕೆಂದರೆ ಅವಸರದ ಅಂಟು ಕೊಳವೆ ಅರ್ಧ ಹೋಗುವಷ್ಟರಲ್ಲೇ ಹಿಡಿದುಬಿಡುತ್ತದೆ. ಕೊಳವೆಯ ಮೈಯನ್ನು ಮರಳು ಕಾಗದದಿಂದ ತರಿಯಾಗಿಸಿ, ತಿರುಗಿಸುತ್ತಾ ತೂರಿಸಿದರೆ ಅಂಟು ಸುತ್ತಲೂ ಸಮನಾಗಿ ಹರಡುತ್ತದೆ.

ಪ್ರಶ್ನೆ ಕೇಳಿದವರು

ಭೂತಗನ್ನಡಿ ಹಿಡಿದು ನೋಡಿದೆ. ಎರಡು ಸೀಳುಗಳು ಮೊನೆಯ ಕಡೆಯ ತುದಿಯಿಂದಲೇ ಹೊರಟಿವೆ, ಎರಡರ ಕೊಳವೆಯೊಳಗೂ ಅಂಟಿನ ಗುಳ್ಳೆಯಿದೆ. ಮೂರನೆಯದು ನಡುವೆ ಬಿರಿದಿದೆ. ಅದರ ಮರವನ್ನು ಕೇವಲ ಎರಡು ತಿಂಗಳ ಹಿಂದೆ ಕಡಿದದ್ದು. ಇಬ್ಬರಿಗೂ ಕೃತಜ್ಞತೆಗಳು. ಮೆರುಗಿಗೆ ಏನು ಮಾಡಲಿ?

ಉತ್ತರ 3

ಅರಗು ನೋಡಲು ಬಹಳ ಚೆನ್ನ, ಆದರೆ ಬೆವರಿಗೂ ಕೈ ತೊಳೆಯುವ ಸ್ಪಿರಿಟ್ಟಿಗೂ ತಡೆಯುವುದಿಲ್ಲ. ತೆಳುವಾದ ಸೂಪರ್ ಗ್ಲೂವನ್ನು ಎಂಟು ಹತ್ತು ಪದರ ಹಚ್ಚಿ, ಪ್ರತಿ ಪದರ ಒಣಗಿದ ಮೇಲೆ ಮುಂದಿನದನ್ನು ಹಚ್ಚುವುದು ಶ್ರಮದ ಕೆಲಸವಾದರೂ ಬಾಳಿಕೆ ಬರುತ್ತದೆ. ಅದರ ಹೊಗೆ ಕಣ್ಣು ಮೂಗುಗಳಿಗೆ ಕೆಟ್ಟದ್ದು, ಕಿಟಕಿ ತೆರೆದಿರಲಿ. ಕನ್ನಡಿಯಂತೆ ಹೊಳೆಯಿಸಬೇಡಿ ಎಂಬುದು ನನ್ನ ಸಲಹೆ: ಬಯಲಿನಲ್ಲಿ ಬೆಳಕು ಹೊಡೆದು ಮಿನುಗುವ ವಸ್ತು ಸೈನಿಕರಿಗೆ ಬೇಡವಾದದ್ದು. ನುಣ್ಣನೆಯ ಮರಳು ಕಾಗದದಿಂದ ಎಳೆಯ ಉದ್ದಕ್ಕೆ ಉಜ್ಜಿ ಹೊಳಪನ್ನು ತಗ್ಗಿಸಿ.

ರೀಫಿಲ್ ಬಗ್ಗೆಯೂ ಒಂದು ಮಾತು. ಇಂಕ್ ಪೆನ್ನು ಎತ್ತರದ ಜಾಗಗಳಲ್ಲಿ ಗಾಳಿಯ ಒತ್ತಡ ಇಳಿದಾಗ ಸೋರಬಹುದು, ನೀರು ಬೆರೆತ ಜೆಲ್ ಶಾಯಿ ಕಡುಚಳಿಯಲ್ಲಿ ಹೆಪ್ಪುಗಟ್ಟಬಹುದು. 1968ರಲ್ಲಿ ಅಪೊಲೊ 7 ಬಾಹ್ಯಾಕಾಶ ನೌಕೆಯಲ್ಲಿ ಹೋದ ಫಿಶರ್ ಪೆನ್ನಿನ ಒತ್ತಡ ತುಂಬಿದ ರೀಫಿಲ್ ಪಾರ್ಕರ್ ಮಾದರಿಯ ರೀಫಿಲ್ ಹಿಡಿಸುವ ಕಿಟ್‌ಗಳಿಗೆ ಕೂರುತ್ತದೆ, ಒದ್ದೆ ಕಾಗದದ ಮೇಲೂ ಬರೆಯುತ್ತದೆ. ಅದು ಸಿಗದಿದ್ದರೆ ಸಾಮಾನ್ಯ ಬಾಲ್ ಪೆನ್ ರೀಫಿಲ್ಲೇ ಸಾಕು, ಜೊತೆಗೆ ಅದೇ ಅಳತೆಯ ಇನ್ನೊಂದನ್ನು ಪೆಟ್ಟಿಗೆಯಲ್ಲಿಡಿ.