35 ಡಿಗ್ರಿ ಛಾವಣಿಯ ಅಂಚಿಗೆ ಬರೀ ಎರಡು ಪೈಪ್ ಸಾಕಾ?

ಸೈಟ್_ಸೂಪರ್‌ವೈಸರ್: 35 ಡಿಗ್ರಿ ಶೀಟ್ ಛಾವಣಿ, ನೆಲದಿಂದ 6 ಮೀಟರ್. ಅಂಚಿಗೆ ಎರಡು ಸಾಲು ಪೈಪ್ ಕಟ್ಟಿ ರೇಲಿಂಗ್ ಆಯ್ತು ಅಂತಿದ್ದಾರೆ ಕಂಟ್ರಾಕ್ಟರು. ಜಾರಿದವನು ನಿಂತುಕೊಂಡು ಬರಲ್ಲ, ಮಲಗಿದ ಹಾಗೇ ಬರುತ್ತಾನೆ, ಪೈಪಿನ ಸಂದಿಯಲ್ಲೇ ನುಗ್ಗಿ ಹೋಗುತ್ತಾನೆ. ಯುರೋಪಿನ ಅಂಚು ತಡೆ ಮಾನದಂಡ ಇಎನ್ 13374ರಲ್ಲಿ ಇಂಥ ಸಾದಾ ರೇಲಿಂಗ್ 10 ಡಿಗ್ರಿವರೆಗೆ ಮಾತ್ರ.

ಹಗ್ಗವೇ_ಆಧಾರ: ರೇಲಿಂಗಿಗೆ ಯಾಕೆ ಸುಮ್ನೆ ದುಡ್ಡು? ಮೈಗೆ ಹಾರ್ನೆಸ್ ಬೆಲ್ಟ್ ಹಾಕಿಸಿ, ಹಗ್ಗದ ಹುಕ್ ಸಿಕ್ಕಿಸಿ, ಮುಗೀತು.

ಸೈಟ್_ಸೂಪರ್‌ವೈಸರ್: ಮುಗೀತಾ? ಹುಕ್ ಎಲ್ಲಿಗೆ ಸಿಕ್ಕಿಸುತ್ತೀರಿ, ರೀಪಿಗಾ? ಅಮೆರಿಕದ ಕೆಲಸದ ಸುರಕ್ಷತಾ ಸಂಸ್ಥೆ ಓಶಾ, ಹುಕ್ ಸಿಕ್ಕಿಸೋ ಆಂಕರಿಗೆ, ಒಬ್ಬನಿಗೇ 5,000 ಪೌಂಡ್ ತಾಕತ್ತು ಕೇಳುತ್ತೆ.

ಲೆಕ್ಕ_ಪಕ್ಕಾ: ಓಶಾ ಅಂದ್ರಲ್ಲ, ಅದೇ ಓಶಾ 4:12 ಇಳಿಜಾರು ದಾಟಿದ ಛಾವಣಿಗೂ ಹಾರ್ನೆಸ್ ಒಪ್ಪುತ್ತೆ. 4:12 ಅಂದ್ರೆ 33 ಡಿಗ್ರಿ. ನಿಮ್ಮದು ಗಡಿ ದಾಟಿರೋದೇ ಎರಡು ಡಿಗ್ರಿ.

ಕೋನಮಾಪಕ: 33 ಡಿಗ್ರಿ ಅಲ್ಲ ರೀ, 33 ಶೇಕಡಾ! 12 ಅಡಿ ಅಡ್ಡಕ್ಕೆ 4 ಅಡಿ ಏರು. ಡಿಗ್ರಿಯಲ್ಲಿ ಸುಮಾರು 18.4. ಅವರ ಛಾವಣಿ ಅದರ ಹತ್ತಿರ ಹತ್ತಿರ ಎರಡರಷ್ಟಿದೆ.

ಲೆಕ್ಕ_ಪಕ್ಕಾ: ಸೈಟಲ್ಲಿ ಶೇಕಡಾ, ಡಿಗ್ರಿ ಎರಡೂ ಒಂದೇ ಅಂತಲೇ ಮಾತಾಡುತ್ತಾರೆ. ಪುಸ್ತಕ ಹಿಡಿದು ಬರಬೇಡಿ.

ಕೋನಮಾಪಕ: ಒಂದೇನಾ? 100 ಶೇಕಡಾ ಇಳಿಜಾರು ಅಂದ್ರೆ 45 ಡಿಗ್ರಿ. ಮೊಬೈಲಲ್ಲೇ ನೋಡಿ. ಇದೇ ಲೆಕ್ಕದಲ್ಲಿ ಆಳುಗಳನ್ನ ಮೇಲೆ ಹತ್ತಿಸುತ್ತೀರಾ?

ಲೆಕ್ಕ_ಪಕ್ಕಾ: ನಾನು ಯಾರನ್ನ ಹತ್ತಿಸುತ್ತೀನಿ ಅನ್ನೋದು ನಿಮಗೆ ಬೇಡ. ಮರ್ಯಾದೆಯಿಂದ ಮಾತಾಡಿ.

ಶೀಟ್_ಕೆಲಸ: ಡಿಗ್ರಿ ಜಗಳ ಸ್ವಲ್ಪ ನಿಲ್ಲಿಸಿ. ಬೆಳಗ್ಗೆ ಇಬ್ಬನಿ ಬಿದ್ದಿರುತ್ತೆ, ಅದರ ಮೇಲೆ ಡ್ರಿಲ್ ಪುಡಿ. ಜೊತೆಯವನು ಹಾಗೇ ಜಾರಿದ. ಕೂಗೋಕೂ ಆಗಲಿಲ್ಲ. ಒದ್ದೆ ಶೀಟಿನ ಮೇಲೆ ಎರಡು ಹಿಮ್ಮಡಿ ಗೆರೆ ಅಂಚಿನವರೆಗೂ ಎಳೆದಿತ್ತು. ಪೈಪಿಗೆ ಬುಡದಿಂದ ಬಲೆ ಬಿಗಿದಿದ್ದೆವು, ಅದರಲ್ಲಿ ಸಿಕ್ಕಿಕೊಂಡ.

ಹಗ್ಗವೇ_ಆಧಾರ: ಜಾರಿದ ಅಂತೀರಿ, ಹಗ್ಗ ಹಾಕಿದ್ನಾ? ಅದು ಮೊದಲು ಹೇಳಿ.

ಶೀಟ್_ಕೆಲಸ: ಹಾಕಿದ್ದ. ಹುಕ್ ಬೇರೆ ಆಂಕರಿಗೆ ಬದಲಾಯಿಸೋಕೆ ಅಂತ ಬಿಚ್ಚಿದ್ದ. ಆ ಒಂದು ಕ್ಷಣದಲ್ಲೇ ಆಗಿದ್ದು.

ಹಗ್ಗವೇ_ಆಧಾರ: ಬಿಚ್ಚಿದ್ದು ಅವನ ತಪ್ಪು, ಹಗ್ಗದ್ದಲ್ಲ. ಎರಡು ಹುಕ್ ಇರೋ ಹಗ್ಗ ಕೊಡಬೇಕಿತ್ತು.

ಸೈಟ್_ಸೂಪರ್‌ವೈಸರ್: ಎರಡು ಹುಕ್ಕೂ ಕೊಡ್ತೀನಿ. ಆದರೆ 30ರಿಂದ 45 ಡಿಗ್ರಿಗೆ ಅದೇ ಇಎನ್ ಹೇಳೋದು, ತಡೆಯಲ್ಲಿ 100 ಮಿಲಿಮೀಟರಿಗಿಂತ ದೊಡ್ಡ ಸಂದಿ ಇರಬಾರದು ಅಂತ. ಕಂಟ್ರಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ. ಅಂಚಿಗೆ ಬಲೆ ಬೀಳೋವರೆಗೂ ಒಬ್ಬರನ್ನೂ ಹತ್ತಿಸಲ್ಲ.

ಲೆಕ್ಕ_ಪಕ್ಕಾ: 4:12 ವಿಷಯ ಇನ್ನೂ ಮುಗಿದಿಲ್ಲ.